ಡಿಗ್ರಿ ಮೊದಲ ವರ್ಷ: ಅರ್ಧಕ್ಕೇ ಕಾಲೇಜು ಬಿಡೋದಾ, ವರ್ಷ ಮುಗಿಸಿ ಬದಲಾಯಿಸೋದಾ?

ಚಿತ್ರದುರ್ಗ: ದೀಪಾವಳಿ ರಜೆಗೆ ಊರಿಗೆ ಬಂದ ಮಕ್ಕಳಲ್ಲಿ ಕೆಲವರು ಹಬ್ಬ ಮುಗಿದರೂ ಬ್ಯಾಗ್ ಕಟ್ಟೋದಿಲ್ಲ. ನಾಳೆ ಹೋಗ್ತೀನಿ, ಸೋಮವಾರ ಹೋಗ್ತೀನಿ ಅಂತ ದಿನ ದೂಡುತ್ತಾರೆ. ಕೊನೆಗೆ ಒಂದು ರಾತ್ರಿ ಅಮ್ಮನ ಹತ್ತಿರ ಮಾತು ಹೊರಗೆ ಬರುತ್ತದೆ: "ನಂಗೆ ಆ ಕಾಲೇಜು ಆಗಲ್ಲಮ್ಮ. ಇಲ್ಲೇ ಎಲ್ಲಾದ್ರೂ ಸೇರಿಸಿ."

ಮರುದಿನ ಬೆಳಿಗ್ಗೆ ಅದು ಅಪ್ಪನ ಅಂಗಡಿಗೆ ಬರುತ್ತದೆ. ಗಿರಾಕಿ ಇಲ್ಲದ ಹೊತ್ತು ನೋಡಿ ಮಗಳು ಗಲ್ಲಾ ಪಕ್ಕ ನಿಂತು ಹೇಳುತ್ತಾಳೆ. "ಫೀಸು ಕಟ್ಟಿ ಇನ್ನೂ ನಾಲ್ಕು ತಿಂಗಳಾಗಿಲ್ಲವಲ್ಲವ್ವ" ಅನ್ನೋದು ಅಪ್ಪನ ಮೊದಲ ಮಾತು. ಎರಡನೆಯದು, "ಜನ ಏನಂತಾರೆ?" ಮೂರನೆಯ ಮಾತೇ ಕೇಳಬೇಕಾದ್ದು, ಅದನ್ನು ಮಾತ್ರ ಬಹಳ ಮನೆಗಳಲ್ಲಿ ಕೇಳುವುದಿಲ್ಲ: ಈಗಲೇ ಬಿಟ್ಟರೆ ಕೈಗೆ ಏನು ಉಳಿಯುತ್ತದೆ, ವರ್ಷ ಮುಗಿಸಿ ಬಿಟ್ಟರೆ ಏನು ಉಳಿಯುತ್ತದೆ?

ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು ಕಡೆಯಿಂದ ಪಿಯುಸಿ ಮುಗಿಸಿ ಬೆಂಗಳೂರು, ಮಂಗಳೂರು, ದಾವಣಗೆರೆ ಕಾಲೇಜು ಸೇರುವ ಮಕ್ಕಳ ಮನೆಗಳಿಗೆ ಈ ಲೆಕ್ಕ ಗೊತ್ತಿರಬೇಕು. ಇದರಲ್ಲಿ ನಿಯಮ ಇದೆ, ತಾರೀಖು ಇದೆ, ದುಡ್ಡೂ ಇದೆ. ಮೂರನ್ನೂ ಬೇರೆ ಬೇರೆ ಮಾಡಿ ನೋಡಿದರೆ ತೀರ್ಮಾನ ಅಷ್ಟೇನೂ ಕಷ್ಟವಲ್ಲ.

ಬೇಡವಾಗಿರೋದು ಯಾವುದು?

"ಕಾಲೇಜು ಬೇಡ" ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆ ಇರಬಹುದು. ಯಾವುದು ಅಂತ ತಿಳಿಯದೆ ಮುಂದಿನ ಹೆಜ್ಜೆ ಇಡಬಾರದು.

ಒಂದು, ರೂಮಿನ ತೊಂದರೆ. ಪಿಜಿಯ ಊಟ ಸೇರಲ್ಲ, ಒಂದೇ ಕೋಣೆಯಲ್ಲಿ ನಾಲ್ವರು, ಕಾಲೇಜಿಗೆ ಎರಡು ಬಸ್ ಬದಲಾಯಿಸಬೇಕು, ರಾತ್ರಿ ನಿದ್ದೆ ಇಲ್ಲ. ಇದು ಕಾಲೇಜಿನ ತೊಂದರೆ ಅಲ್ಲ. ಪಿಜಿ ಬದಲಾಯಿಸಿದರೆ, ಹಾಸ್ಟೆಲ್ ಸಿಕ್ಕರೆ, ಪರಿಚಯದವರ ಮನೆ ಹತ್ತಿರ ರೂಮ್ ಮಾಡಿಕೊಟ್ಟರೆ ಅರ್ಧ ಭಾರ ಇಳಿಯುತ್ತದೆ. ಇದಕ್ಕಾಗಿ ಸೀಟೇ ಬಿಡೋದು ಹಲ್ಲು ನೋವಿಗೆ ದವಡೆ ಕೀಳಿಸಿದ ಹಾಗೆ.

ಎರಡು, ಕೋರ್ಸಿನ ತೊಂದರೆ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದಕ್ಕೆ ಬಿಎಸ್ಸಿ ಸೇರಿಸಿದ್ದಾರೆ, ಮಗುವಿಗೆ ಬಿಕಾಂ ಬೇಕು. ಇಲ್ಲವೇ ಸ್ನೇಹಿತರೆಲ್ಲ ಸೇರಿದರು ಅಂತ ಬಿಸಿಎ ಸೇರಿ, ಈಗ ಪ್ರೋಗ್ರಾಮಿಂಗ್ ತಲೆಗೆ ಹತ್ತುತ್ತಿಲ್ಲ. ಇಲ್ಲಿ ವರ್ಷ ಮುಗಿಸಿದರೂ ಲಾಭ ಕಡಿಮೆ, ಯಾಕೆಂದರೆ ಬಿಎಸ್ಸಿಯ ಮೊದಲ ವರ್ಷ ಬಿಕಾಂನ ಮೊದಲ ವರ್ಷ ಆಗೋದಿಲ್ಲ. ಭಾಷಾ ವಿಷಯದಂಥ ಒಂದೆರಡು ಪೇಪರ್ ಬಿಟ್ಟರೆ ಉಳಿದದ್ದು ಹೊಸದಾಗಿಯೇ ಓದಬೇಕು.

ಮೂರು, ನಿಜವಾಗಿ ಕಾಲೇಜಿನದೇ ತೊಂದರೆ. ಕೋರ್ಸ್ ಇಷ್ಟ ಇದೆ, ಆದರೆ ಪಾಠ ಸರಿಯಾಗಿ ಆಗಲ್ಲ, ಖರ್ಚು ಹೆಚ್ಚು, ಮನೆಯಿಂದ ದೂರ, ಅಲ್ಲಿನ ವಾತಾವರಣ ಒಗ್ಗುತ್ತಿಲ್ಲ. "ವರ್ಷ ಮುಗಿಸಿ ಬದಲಾಯಿಸಿ" ಎಂಬ ಸಲಹೆ ಸರಿಹೊಂದೋದು ಇಂಥವರಿಗೇ.

ಕನ್ನಡ ಮಾಧ್ಯಮದಿಂದ ಹೋದ ಮಕ್ಕಳಲ್ಲಿ ಇನ್ನೊಂದು ಕಾಣುತ್ತದೆ. ಮೊದಲ ಇಂಟರ್ನಲ್ ಟೆಸ್ಟ್‌ನಲ್ಲಿ ಅಂಕ ಕಡಿಮೆ ಬಂದ ತಕ್ಷಣ "ನಂಗೆ ಆಗಲ್ಲ" ಅಂದುಬಿಡುತ್ತಾರೆ. ಅದು ಕಾಲೇಜಿನ ತಪ್ಪಲ್ಲ, ಮಗುವಿನ ದಡ್ಡತನವೂ ಅಲ್ಲ. ಇಂಗ್ಲಿಷ್ ಪಾಠಕ್ಕೆ ಕಿವಿ ಒಗ್ಗಲು ಒಂದು ಸೆಮಿಸ್ಟರ್ ಬೇಕಾಗುತ್ತದೆ. ಪರೀಕ್ಷೆ ಕನ್ನಡದಲ್ಲಿ ಬರೆಯಲು ಅವಕಾಶ ಇದೆಯಾ ಅಂತ ಕಾಲೇಜಿನಲ್ಲಿ ಒಮ್ಮೆ ಕೇಳಿಸಿ. ಗೊತ್ತಿಲ್ಲದೆ ಒದ್ದಾಡುವವರು ಇದ್ದಾರೆ.

ಫೀಸು ವಾಪಸ್ ಬರೋದು ಯಾವಾಗಿನ ತನಕ?

ಬಿಡೋದೇ ಆದರೆ ಎಷ್ಟು ಬೇಗ ಬಿಟ್ಟರೆ ಅಷ್ಟು ದುಡ್ಡು ಉಳಿಯುತ್ತದೆ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಶುಲ್ಕ ವಾಪಸಾತಿಗೆ ಒಂದು ಪಟ್ಟಿ ಹೊರಡಿಸಿದೆ. ಅದರ ಲೆಕ್ಕ ನಿಂತಿರೋದು ಒಂದೇ ತಾರೀಖಿನ ಮೇಲೆ, ಅಂದರೆ ಪ್ರವೇಶಕ್ಕೆ ಅಧಿಕೃತವಾಗಿ ಪ್ರಕಟಿಸಿದ ಕೊನೆಯ ದಿನ.

ಆ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ತಿ ಶುಲ್ಕ ವಾಪಸ್. ಅದರಲ್ಲಿ ಸಂಸ್ಕರಣಾ ವೆಚ್ಚ ಅಂತ ಶೇ. 5ರವರೆಗೆ, ಹೆಚ್ಚೆಂದರೆ 5,000 ರೂ. ಮಾತ್ರ ಹಿಡಿದುಕೊಳ್ಳಬಹುದು.
ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ಟರೆ ಶೇ. 90.
ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೆ ಶೇ. 80.
15 ದಿನ ಕಳೆದು 30 ದಿನದೊಳಗೆ ಬಿಟ್ಟರೆ ಶೇ. 50.
30 ದಿನ ಕಳೆದ ಮೇಲೆ ಬಿಟ್ಟರೆ ಏನೂ ಇಲ್ಲ.

ಕಾಷನ್ ಡೆಪಾಸಿಟ್ ಈ ಲೆಕ್ಕಕ್ಕೆ ಸೇರಲ್ಲ, ಅದು ಪೂರ್ತಿ ವಾಪಸ್ ಬರಬೇಕು. ಅರ್ಜಿ ಕೊಟ್ಟ 15 ದಿನದೊಳಗೆ ಹಣ ಮರಳಿಸಬೇಕು ಅಂತಲೂ ಅದೇ ಸೂಚನೆ ಹೇಳುತ್ತದೆ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಹೆಚ್ಚು ಸಡಿಲಿಕೆ ಕೊಟ್ಟಿದೆ. 2024-25ರಲ್ಲಿ ಸೆಪ್ಟೆಂಬರ್ 30ರ ತನಕ ಪ್ರವೇಶ ರದ್ದು ಮಾಡಿದವರಿಗೆ ಪೂರ್ತಿ ಶುಲ್ಕ, ಅಕ್ಟೋಬರ್ 31ರ ತನಕ ರದ್ದು ಮಾಡಿದವರಿಗೆ 1,000 ರೂ. ಮಾತ್ರ ಕಡಿತ ಎಂದು ತಿಳಿಸಿತ್ತು. ಆಯಾ ವರ್ಷದ ಸೂಚನೆ ಏನಿದೆ ಅಂತ ಯುಜಿಸಿ ವೆಬ್‌ಸೈಟ್‌ನಲ್ಲಿ ನೋಡಿಕೊಂಡೇ ಕಾಲೇಜಿಗೆ ಹೋಗಬೇಕು.

ಉದಾಹರಣೆಗೆ, 40,000 ರೂ. ಶುಲ್ಕ, 3,000 ರೂ. ಕಾಷನ್ ಡೆಪಾಸಿಟ್ ಕಟ್ಟಿದ್ದಾರೆ ಎಂದುಕೊಳ್ಳಿ. 2018ರ ಪಟ್ಟಿ ಪ್ರಕಾರ ಮೊದಲೇ ಬಿಟ್ಟವರಿಗೆ ಶುಲ್ಕದಲ್ಲಿ 38,000 ಬರುತ್ತದೆ. ಕೊನೆಯ ದಿನ ಕಳೆದು ಎರಡು ವಾರದೊಳಗಾದರೆ 32,000. ತಿಂಗಳ ಒಳಗಾದರೆ 20,000. ಆಮೇಲೆ ಹೋದರೆ ಡೆಪಾಸಿಟ್‌ನ 3,000 ಮಾತ್ರ.

ಇಲ್ಲಿ ಬಾಯಿಮಾತು ನಡೆಯಲ್ಲ. "ಮುಂದಿನ ವಾರ ಬನ್ನಿ" ಅಂತ ಕಳಿಸಿದರೆ ತಾರೀಖು ದಾಟಿಬಿಡುತ್ತದೆ. ಪ್ರವೇಶ ರದ್ದು ಮಾಡಿ ಅಂತ ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಇ-ಮೇಲ್ ಕೂಡ ಕಳಿಸಿಟ್ಟರೆ ಒಳ್ಳೆಯದು. ಹಣ ಕೊಡದೆ ಸತಾಯಿಸಿದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಇನ್ನೊಂದು ವಿಷಯ. ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಅಂಕಪಟ್ಟಿಗಳನ್ನು ಕಾಲೇಜು ಪರಿಶೀಲಿಸಿ ವಾಪಸ್ ಕೊಡಬೇಕೇ ಹೊರತು ತನ್ನಲ್ಲಿ ಇಟ್ಟುಕೊಳ್ಳುವಂತಿಲ್ಲ. "ಉಳಿದ ಎರಡು ವರ್ಷದ ಫೀಸು ಕಟ್ಟಿದರೆ ಮಾತ್ರ ಮಾರ್ಕ್ಸ್ ಕಾರ್ಡ್" ಅಂತ ಯಾರಾದರೂ ಹೇಳಿದರೆ, ಅದು ಯುಜಿಸಿ ಸೂಚನೆಗೆ ವಿರುದ್ಧ.

ಅರ್ಧಕ್ಕೆ ಬಿಟ್ಟರೆ ಕೈಗೆ ಉಳಿಯೋದು

ದೀಪಾವಳಿ ಹೊತ್ತಿಗೆ ಶುಲ್ಕ ವಾಪಸಾತಿಯ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ, ಇಲ್ಲವೇ ಮುಚ್ಚುವ ಹಂತದಲ್ಲಿರುತ್ತದೆ. ಮೊದಲ ಸೆಮಿಸ್ಟರ್ ಪರೀಕ್ಷೆ ಇನ್ನೂ ಆಗಿರುವುದಿಲ್ಲ. ಬಿಡಲು ಇಷ್ಟು ನಷ್ಟದ ಹೊತ್ತು ಇನ್ನೊಂದಿಲ್ಲ. ದುಡ್ಡೂ ಬರಲ್ಲ, ಓದಿದ್ದಕ್ಕೆ ದಾಖಲೆಯೂ ಇರಲ್ಲ.

ಡಿಗ್ರಿಯಲ್ಲಿ ಲೆಕ್ಕಕ್ಕೆ ಬರೋದು ತರಗತಿಯಲ್ಲಿ ಕೂತ ದಿನಗಳಲ್ಲ, ಪರೀಕ್ಷೆ ಪಾಸಾಗಿ ಸಿಕ್ಕ ಕ್ರೆಡಿಟ್‌ಗಳು. ಮೂರೂವರೆ ತಿಂಗಳು ಕಾಲೇಜಿಗೆ ಹೋಗಿ ಪರೀಕ್ಷೆ ಬರೆಯದೆ ಬಿಟ್ಟವರ ಖಾತೆಯಲ್ಲಿ ಇರುವ ಕ್ರೆಡಿಟ್ ಸೊನ್ನೆ. ಮುಂದಿನ ವರ್ಷ ಅವರು ಹೊಸ ಕಾಲೇಜಿಗೆ ಸೇರೋದು "ಬದಲಾವಣೆ" ಅಲ್ಲ, ಹೊಸ ಪ್ರವೇಶ. ಪಿಯುಸಿ ಅಂಕಪಟ್ಟಿ ಹಿಡಿದು ಮತ್ತೆ ಮೊದಲ ಸೆಮಿಸ್ಟರ್‌ನಿಂದ ಶುರು. ಮೂರು ವರ್ಷದ ಡಿಗ್ರಿಗೆ ನಾಲ್ಕು ವರ್ಷ ಹಿಡಿಯುತ್ತದೆ.

ತೀರ್ಮಾನ ಆಗದೆ ಮನೆಯಲ್ಲೇ ಕೂರೋದು ಇನ್ನೂ ಕೆಟ್ಟದ್ದು. ಹಾಜರಾತಿ ಶೇ. 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ನವೆಂಬರ್ ಪೂರ್ತಿ ಊರಲ್ಲೇ ಕಳೆದು, ಡಿಸೆಂಬರ್‌ನಲ್ಲಿ "ಹೋಗ್ಲಿ, ಪರೀಕ್ಷೆ ಬರೆದು ಬರ್ತೀನಿ" ಅಂದರೆ ಆಗ ಹಾಲ್ ಟಿಕೆಟ್ ಸಿಗದೆ ಹೋಗಬಹುದು. ಹಾಗಾಗಿ ಯೋಚನೆ ಮಾಡುವಾಗಲೂ ತರಗತಿ ತಪ್ಪಿಸಬಾರದು. ಬಿಡೋದು, ಇರೋದು ಎರಡೂ ದಾರಿ ಆಗ ತೆರೆದಿರುತ್ತದೆ.

ಅಂಗಡಿ ಲೆಕ್ಕದಲ್ಲಿ ನೋಡಿದರೆ

ಕಟ್ಟಿದ 40,000 ರೂ. ಶುಲ್ಕವೇ ಹೆಚ್ಚಿನ ಮನೆಗಳಲ್ಲಿ ಜಗಳಕ್ಕೆ ಕಾರಣ. "ಅಷ್ಟು ದುಡ್ಡು ಹಾಕಿದ್ದೀವಿ, ಬಿಡೋದು ಹೆಂಗೆ?" ಅನ್ನುತ್ತಾರೆ. ವ್ಯಾಪಾರಸ್ಥರಿಗೆ ಇದಕ್ಕೆ ಉತ್ತರ ಗೊತ್ತಿದೆ. ಗೋಡೌನ್‌ನಲ್ಲಿ ಇರುವ ಮಾಲನ್ನು ಮಾರುವಾಗ ತಂದ ರೇಟು ಹಿಡಿದು ಕೂತರೆ ನಡೆಯಲ್ಲ. ಇವತ್ತು ಕೊಟ್ಟರೆ ಎಷ್ಟು, ಇಟ್ಟರೆ ಎಷ್ಟು ಅನ್ನೋದೇ ಲೆಕ್ಕ. ವಾಪಸಾತಿ ಅವಧಿ ಮುಗಿದಿದ್ದರೆ ಆ 40,000 ಎರಡೂ ದಾರಿಯಲ್ಲಿ ಹೋಗಿದ್ದೇ. ಅದನ್ನು ಪಕ್ಕಕ್ಕೆ ಇಟ್ಟು ಮುಂದೆ ಹಾಕಬೇಕಾದ ದುಡ್ಡನ್ನು ಮಾತ್ರ ನೋಡಬೇಕು.

ಬೆಂಗಳೂರಿನಲ್ಲಿ ಬಿಕಾಂ ಓದುವ ಮಗಳ ಪಿಜಿಗೆ ತಿಂಗಳಿಗೆ 7,000, ಕೈಖರ್ಚಿಗೆ 2,000 ಎಂದುಕೊಂಡರೆ ವರ್ಷ ಮುಗಿಸಲು ಇನ್ನು ಏಳು ತಿಂಗಳಿಗೆ 63,000 ರೂ. ಬೇಕು. ಈಗಲೇ ಬಿಟ್ಟರೆ ಈ 63,000 ಉಳಿಯುತ್ತದೆ. ಆದರೆ ಡಿಗ್ರಿ ಒಂದು ವರ್ಷ ತಡವಾಗುತ್ತದೆ, ಅಂದರೆ ಕೆಲಸಕ್ಕೆ ಸೇರೋದೂ ಒಂದು ವರ್ಷ ತಡ. ತಿಂಗಳಿಗೆ 12,000 ಸಂಬಳದ ಕೆಲಸ ಅಂತ ಹಿಡಿದರೂ ಆ ವರ್ಷದ ಬೆಲೆ 1,44,000 ರೂ. ಹೊಸ ಕಡೆ ಮೊದಲ ವರ್ಷದ ಶುಲ್ಕ ಮತ್ತೆ ಕಟ್ಟೋದು ಬೇರೆ.

ಇದು ಒಂದು ಮನೆಯ ಲೆಕ್ಕ. 63,000 ಹೊಂದಿಸಲು ಬಡ್ಡಿ ಸಾಲವೇ ಗತಿ ಎನ್ನುವ ಮನೆಯ ಲೆಕ್ಕ ಬೇರೆ ಬರುತ್ತದೆ. ಹಾಗಾಗಿ ಪ್ರತಿ ಮನೆಯವರೂ ತಮ್ಮದೇ ಅಂಕಿ ಹಾಕಿಕೊಂಡು ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಬರೆದಾಗ ಸಿಟ್ಟು ಕಡಿಮೆಯಾಗುತ್ತದೆ, ವಿಷಯ ಕಾಣುತ್ತದೆ.

ವರ್ಷ ಮುಗಿಸಿ ಬದಲಾಯಿಸುವ ದಾರಿ

ರಾಜ್ಯದಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಜಾರಿಯಲ್ಲಿದೆ, ಒಟ್ಟು ಆರು ಸೆಮಿಸ್ಟರ್. ಕಾಲೇಜು ಬದಲಾವಣೆಗೆ ಸಾಮಾನ್ಯವಾಗಿ ಅವಕಾಶ ಸಿಗೋದು ಶೈಕ್ಷಣಿಕ ವರ್ಷದ ಆರಂಭದಲ್ಲಿ, ಅಂದರೆ 3 ಅಥವಾ 5ನೇ ಸೆಮಿಸ್ಟರ್‌ಗೆ ಹೋಗುವಾಗ. ಅದಕ್ಕೇ ಮೊದಲೆರಡು ಸೆಮಿಸ್ಟರ್ ಮುಗಿಸಿದವರಿಗೆ ದಾರಿ ಸಲೀಸು. ವರ್ಷ ಹಾಳಾಗಲ್ಲ, ಹೊಸ ಕಾಲೇಜಿನಲ್ಲಿ ನೇರ ಎರಡನೇ ವರ್ಷಕ್ಕೆ ಹೋಗಬಹುದು.

ಇಲ್ಲಿ ಎರಡು ಬಗೆ ಇದೆ.

ಒಂದೇ ವಿಶ್ವವಿದ್ಯಾಲಯದೊಳಗೆ ಬದಲಾವಣೆ: ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಯ ಡಿಗ್ರಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ದಾವಣಗೆರೆಯಲ್ಲಿ ಓದುವ ಹುಡುಗ ಚಳ್ಳಕೆರೆಗೋ ಹಿರಿಯೂರಿಗೋ ಬರುವುದಾದರೆ ಪಠ್ಯ ಅದೇ, ಪರೀಕ್ಷೆ ಅದೇ. ಎರಡೂ ಕಾಲೇಜಿನ ಒಪ್ಪಿಗೆ ಪತ್ರ, ವಿಶ್ವವಿದ್ಯಾಲಯದ ಅನುಮತಿ, ನಿಗದಿತ ಶುಲ್ಕ, ಹಳೆ ಕಾಲೇಜಿನ ಟಿಸಿ ಇದ್ದರೆ ಕೆಲಸ ಆಗುತ್ತದೆ. ಹೊಸ ಕಾಲೇಜಿನಲ್ಲಿ ಅದೇ ವಿಷಯಗಳ ಕಾಂಬಿನೇಷನ್ ಇರಬೇಕು, ಸೀಟು ಖಾಲಿ ಇರಬೇಕು. ದಾವಣಗೆರೆಯ ಕಾಲೇಜು ಸ್ವಾಯತ್ತ ಆಗಿದ್ದರೆ ಮಾತ್ರ ಅದರ ಪಠ್ಯ ಬೇರೆ ಇರುತ್ತದೆ, ಮೊದಲೇ ವಿಚಾರಿಸಬೇಕು.

ಬೇರೆ ವಿಶ್ವವಿದ್ಯಾಲಯದಿಂದ ಬದಲಾವಣೆ: ಬೆಂಗಳೂರು, ತುಮಕೂರು, ಮಂಗಳೂರು ಕಡೆಯಿಂದ ಬರುವವರು ಈ ಗುಂಪಿನವರು. ಬೆಂಗಳೂರಿನ ಹೆಸರಿನಲ್ಲೇ ಒಂದಕ್ಕಿಂತ ಹೆಚ್ಚು ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ಹಾಗಾಗಿ ಮಗು ಓದುತ್ತಿರುವ ಕಾಲೇಜು ಯಾವುದಕ್ಕೆ ಸೇರಿದ್ದು ಅಂತ ಅಂಕಪಟ್ಟಿ ನೋಡಿ ತಿಳಿದುಕೊಳ್ಳಬೇಕು. ಇವರಿಗೆ ಟಿಸಿ ಜೊತೆಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಎರಡೂ ಕಡೆಯ ಪಠ್ಯ ಹೋಲುತ್ತದೆಯೇ ಅಂತ ಹೊಸ ವಿಶ್ವವಿದ್ಯಾಲಯ ಪರಿಶೀಲಿಸುತ್ತದೆ. ಅದಕ್ಕಾಗಿ ಹಳೆ ಕಾಲೇಜಿನ ಎರಡೂ ಸೆಮಿಸ್ಟರ್‌ನ ಸಿಲಬಸ್ ಪ್ರತಿ ಬೇಕಾಗುತ್ತದೆ, ಪ್ರಾಂಶುಪಾಲರ ಸಹಿ ಹಾಕಿಸಿಟ್ಟುಕೊಂಡರೆ ಮತ್ತೆ ಬಸ್ ಹತ್ತಬೇಕಿಲ್ಲ. ಒಂದೆರಡು ಪೇಪರ್ ಹೊಂದದಿದ್ದರೆ ಹೆಚ್ಚುವರಿಯಾಗಿ ಬರೆಯಿರಿ ಅನ್ನಬಹುದು.

ಫೇಲಾದ ವಿಷಯ ಉಳಿದಿದ್ದರೆ ಈ ಎರಡನೇ ಬಗೆಯಲ್ಲಿ ತೊಡಕು ಹೆಚ್ಚು. ಹಳೆ ವಿಶ್ವವಿದ್ಯಾಲಯದ ಪೇಪರನ್ನು ಹೊಸ ಕಡೆ ಬರೆಯಲು ಆಗಲ್ಲ. ಹಾಗಾಗಿ "ಹೆಂಗಿದ್ರೂ ಬಿಡ್ತೀನಲ್ಲ" ಅಂತ ಮೊದಲ ವರ್ಷದ ಪರೀಕ್ಷೆಯನ್ನು ಹಗುರವಾಗಿ ತಗೊಳ್ಳಬಾರದು. ಬಿಟ್ಟು ಹೋಗುವವರೇ ಎಲ್ಲ ವಿಷಯ ಪಾಸಾಗಬೇಕಾದ್ದು.

ಅಪಾರ್ ಇದ್ದರೆ ಸಾಕಾ?

ಯುಜಿಸಿ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ವಿದ್ಯಾರ್ಥಿಯ ಹೆಸರಲ್ಲಿ ಒಂದು ಖಾತೆ, ಪಾಸಾದ ವಿಷಯದ ಕ್ರೆಡಿಟ್ ಅದಕ್ಕೆ ಜಮಾ. 12 ಅಂಕಿಯ ಅಪಾರ್ ಐಡಿ ಮೂಲಕ ಡಿಜಿಲಾಕರ್‌ನಲ್ಲಿ ನೋಡಬಹುದು. ಜಮಾ ಆದ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷ ಆಯಸ್ಸು. ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು.

ಹೆಸರು ಕೇಳಿ ಕೆಲವರು ಇದನ್ನು ಎಟಿಎಂ ಕಾರ್ಡ್ ಅಂದುಕೊಳ್ಳುತ್ತಾರೆ. ಎಲ್ಲಿ ಹೋದರೂ ಆಗುತ್ತದೆ ಅನ್ನೋ ಭರವಸೆ ಅದು ಕೊಡಲ್ಲ. ಖಾತೆಯಲ್ಲಿ ಕ್ರೆಡಿಟ್ ಇದೆ ಅನ್ನೋದಕ್ಕೆ ಅದು ದಾಖಲೆ, ಒಪ್ಪಿಕೊಳ್ಳೋದು ಬಿಡೋದು ಹೊಸ ವಿಶ್ವವಿದ್ಯಾಲಯದ ಕೈಲಿದೆ. ಆದರೂ ಫಲಿತಾಂಶ ಬಂದ ಮೇಲೆ ಕ್ರೆಡಿಟ್ ಜಮಾ ಆಗಿದೆಯಾ, ಹೆಸರು ಮತ್ತು ಜನ್ಮದಿನಾಂಕ ಆಧಾರ್‌ಗೆ ಹೊಂದುತ್ತದೆಯಾ ಅಂತ ನೋಡಿಕೊಳ್ಳಬೇಕು. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಯ ದಾಖಲೆ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಇರುವುದರಿಂದ ಅಲ್ಲಿನ ಲಾಗಿನ್, ಮೊಬೈಲ್ ನಂಬರ್ ಕೂಡ ಜೋಪಾನ. ಸೈಬರ್ ಸೆಂಟರ್‌ನವರ ನಂಬರ್ ಕೊಟ್ಟಿದ್ದರೆ ಈಗಲೇ ಬದಲಾಯಿಸಿ.

ಇಂಜಿನಿಯರಿಂಗ್ ಸೇರಿದವರಿಗೆ

ವಿಟಿಯು ವ್ಯಾಪ್ತಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಮಧ್ಯದಲ್ಲಿ ಬದಲಾವಣೆ ಇಲ್ಲ. ಅದಕ್ಕೆ ಹೊತ್ತು ಎರಡನೇ ವರ್ಷದ ಆರಂಭ, ಅಂದರೆ 3ನೇ ಸೆಮಿಸ್ಟರ್. ಹೋಗಬೇಕಾದ ಕಾಲೇಜಿನ ಅದೇ ಬ್ರಾಂಚ್‌ನಲ್ಲಿ ಸೀಟು ಖಾಲಿ ಇರಬೇಕು, ಮೊದಲ ವರ್ಷದ ಫಲಿತಾಂಶ ಚೆನ್ನಾಗಿರಬೇಕು. ಕೋಪದಲ್ಲಿ ಮಧ್ಯೆ ಬಿಟ್ಟವರು ಸಿಇಟಿಯನ್ನೇ ಮತ್ತೆ ಬರೆಯಬೇಕಾಗುತ್ತದೆ. ಪರೀಕ್ಷೆ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಅರ್ಜಿ ಅದಕ್ಕೂ ತಿಂಗಳುಗಳ ಮೊದಲು. ಹಾಗಾಗಿ ಮತ್ತೆ ಸಿಇಟಿ ಬರೆಯುವ ಯೋಚನೆ ಇದ್ದವರು ಜನವರಿಯಿಂದಲೇ ಪ್ರಕಟಣೆ ಮೇಲೆ ಕಣ್ಣಿಡಬೇಕು.

ವರ್ಷ ಮುಗಿಯುವ ತನಕ ಕಾಯಬಾರದ ಸಂದರ್ಭ

ವರ್ಷ ಮುಗಿಸಿ ಅನ್ನೋದು ಎಲ್ಲರಿಗೂ ಹೇಳುವ ಮಾತಲ್ಲ. ಮಗಳೋ ಮಗನೋ ಊಟ ಬಿಟ್ಟಿದ್ದಾರೆ, ನಿದ್ದೆ ಇಲ್ಲ, ಫೋನ್ ಮಾಡಿದರೆ ಅಳು ಮಾತ್ರ, ಬದುಕೇ ಬೇಡ ಎನ್ನುವ ಮಾತು ಬರುತ್ತಿದೆ ಎಂದರೆ ಕ್ರೆಡಿಟ್ ಲೆಕ್ಕ ಮುಚ್ಚಿಟ್ಟು ಮೊದಲು ಮನೆಗೆ ಕರೆದುಕೊಂಡು ಬರಬೇಕು. ಹೋದ ವರ್ಷವನ್ನು ಆಮೇಲೆ ಹಿಡಿಯಬಹುದು. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕೆಲಸ ಮಾಡುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ರ‍್ಯಾಗಿಂಗ್, ಕಿರುಕುಳ ಇದ್ದರೂ ಹಾಗೆಯೇ. ಬಿಡುವ ಮೊದಲು ದೂರು ಕೊಡಿ. ರಾಷ್ಟ್ರೀಯ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ದೂರಿನ ದಾಖಲೆ ಇದ್ದರೆ ಮುಂದೆ ಬದಲಾವಣೆ ಕೇಳುವಾಗ, ಹಾಜರಾತಿ ಕಡಿಮೆಯಾದದ್ದಕ್ಕೆ ಕಾರಣ ಕೊಡುವಾಗ ಅದು ಬೆಂಬಲಕ್ಕೆ ನಿಲ್ಲುತ್ತದೆ. ಅನಾರೋಗ್ಯ ಇದ್ದರೆ ವೈದ್ಯರ ಚೀಟಿ, ಆಸ್ಪತ್ರೆ ಬಿಲ್ಲು ಎಲ್ಲ ಇಟ್ಟುಕೊಳ್ಳಬೇಕು.

ಕೋರ್ಸೇ ತಪ್ಪು ಎಂದು ಖಚಿತವಾದವರಿಗೂ ಕಾಯುವ ಅಗತ್ಯ ಕಡಿಮೆ. ಅಂಥವರಿಗೆ ವರ್ಷ ಪೂರ್ತಿ ಕಾಯದ ಒಂದು ದಾರಿ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋಗಳಲ್ಲಿ ಜುಲೈ ಅಲ್ಲದೆ ಜನವರಿ ಆವೃತ್ತಿಯ ಪ್ರವೇಶವೂ ನಡೆಯುತ್ತದೆ. ಮಾನ್ಯತೆ ಪಡೆದ ಮುಕ್ತ ವಿಶ್ವವಿದ್ಯಾಲಯದ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ ಹೇಳಿದೆ. ಅಂಗಡಿಯಲ್ಲಿ ಅಪ್ಪನಿಗೆ ಕೈ ಜೋಡಿಸುತ್ತಾ ಓದುವವರಿಗೆ ಇದು ಹೊಂದುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಓದುವ ಶಿಸ್ತು ಇದೆಯಾ ಅಂತ ಮಾತ್ರ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಮೊದಲ ಸೆಮಿಸ್ಟರ್ ಮಾತ್ರ ಮುಗಿಸಿ ಬಿಡೋದು ಇನ್ನೊಂದು ನಡುದಾರಿ. ಪರೀಕ್ಷೆಗೆ ಕೆಲವೇ ವಾರ ಇದ್ದರೆ ಅದನ್ನು ಬರೆದೇ ಬರೋದು ಜಾಣತನ. ಒಂದು ಸೆಮಿಸ್ಟರ್‌ನ ಅಂಕಪಟ್ಟಿ ಆದರೂ ಕೈಲಿರುತ್ತದೆ, ಪರೀಕ್ಷೆ ಹೆದರಿಕೆಗೆ ಓಡಿ ಬಂದೆ ಎಂಬ ಕೊರಗೂ ಉಳಿಯಲ್ಲ. ಒಮ್ಮೆ ಬರೆದ ಮೇಲೆ "ಇನ್ನೊಂದು ಸೆಮಿಸ್ಟರ್ ಇರ್ತೀನಿ" ಅನ್ನುವವರೂ ಇದ್ದಾರೆ.

ಸ್ಕಾಲರ್‌ಶಿಪ್, ಸಾಲ, ಬಸ್ಸು

ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕಿದ ವಿದ್ಯಾರ್ಥಿವೇತನದ ಅರ್ಜಿ ಆ ವರ್ಷದ ಕಾಲೇಜು, ಕೋರ್ಸ್‌ಗೆ ಕಟ್ಟಿಕೊಂಡಿರುತ್ತದೆ. ಮಧ್ಯದಲ್ಲಿ ಬಿಟ್ಟರೆ ಹಣ ನಿಲ್ಲಬಹುದು, ಹೊಸ ಕಡೆ ಮತ್ತೆ ಮೊದಲ ವರ್ಷಕ್ಕೇ ಅರ್ಜಿ ಹಾಕುವಾಗ ಪ್ರಶ್ನೆ ಏಳಬಹುದು. ಬಿಡುವ ಮೊದಲು ಕಾಲೇಜಿನ ಸ್ಕಾಲರ್‌ಶಿಪ್ ಗುಮಾಸ್ತರನ್ನೂ ತಾಲ್ಲೂಕಿನ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಕಚೇರಿಯನ್ನೂ ಕೇಳಬೇಕು.

ಶಿಕ್ಷಣ ಸಾಲ ತಗೊಂಡವರು ಬ್ಯಾಂಕಿಗೆ ಹೇಳದೆ ಕಾಲೇಜು ಬದಲಾಯಿಸಬಾರದು. ಸಾಲ ಮಂಜೂರಾಗಿರೋದು ಆ ಕಾಲೇಜಿನ ಆ ಕೋರ್ಸಿಗೆ. ಕೇಂದ್ರದ ಬಡ್ಡಿ ಸಬ್ಸಿಡಿ ಯೋಜನೆಯಲ್ಲಿ ಕೋರ್ಸ್ ಮಧ್ಯದಲ್ಲಿ ಬಿಟ್ಟವರಿಗೆ ಸಬ್ಸಿಡಿ ಸಿಗಲ್ಲ, ಅನಾರೋಗ್ಯದ ಕಾರಣಕ್ಕೆ ಬಿಟ್ಟವರಿಗೆ ಮಾತ್ರ ದಾಖಲೆ ಕೊಟ್ಟರೆ ವಿನಾಯಿತಿ.

ಊರ ಹತ್ತಿರ ಬಂದರೆ ಖರ್ಚು ಎಷ್ಟು ಇಳಿಯುತ್ತದೆ ಅನ್ನೋದನ್ನೂ ಸರಿಯಾಗಿ ನೋಡಬೇಕು. ಚಳ್ಳಕೆರೆಯಿಂದ ಚಿತ್ರದುರ್ಗ ಸುಮಾರು 30 ಕಿ.ಮೀ., ದಿನಾ ಹೋಗಿ ಬರಬಹುದು. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಉಚಿತ. ಖಾಸಗಿ ಬಸ್ಸಿಗೆ ಅದು ಅನ್ವಯಿಸಲ್ಲ. ನಮ್ಮ ಕಡೆಯ ಕೆಲವು ಹಳ್ಳಿಗಳಿಗೆ ಬೆಳಿಗ್ಗೆ ಬರೋದೇ ಖಾಸಗಿ ಬಸ್ಸು. ಬೆಳಿಗ್ಗೆ ಕಾಲೇಜು ಹೊತ್ತಿಗೆ, ಸಂಜೆ ವಾಪಸ್ ಬರಲು ಯಾವ ಬಸ್ಸಿದೆ ಅಂತ ನೋಡದೆ ಸೇರಿದವರು ಮೂರು ತಿಂಗಳಿಗೆ ಮತ್ತೆ "ಈ ಕಾಲೇಜೂ ಬೇಡ" ಅಂದಾರು.

ಹಳೆ ಸೀಟು ಕೈಬಿಡೋದು ಕೊನೆಗೆ

ಇಡೀ ವಿಷಯದಲ್ಲಿ ಮರೆಯಬಾರದ ಮಾತು ಒಂದಿದೆ. ಹೊಸ ಕಾಲೇಜಿನ ಒಪ್ಪಿಗೆ ಬರವಣಿಗೆಯಲ್ಲಿ ಕೈಗೆ ಬರುವ ತನಕ ಹಳೆ ಕಾಲೇಜಿನಿಂದ ಟಿಸಿ ತಗೊಳ್ಳಬಾರದು. "ಬನ್ನಿ, ಮಾಡಿಕೊಡೋಣ" ಅಂತ ಫೋನಲ್ಲಿ ಹೇಳಿದ್ದನ್ನು ನಂಬಿ ಟಿಸಿ ತಗೊಂಡು ಬಂದು, ಇಲ್ಲಿ ಸೀಟು ಭರ್ತಿ ಎಂದಾದರೆ ಮಗು ಎರಡೂ ಕಡೆ ಇಲ್ಲದಂತಾಗುತ್ತದೆ. ಅಂಗಡಿ ಬದಲಾಯಿಸುವವರು ಹೊಸ ಮಳಿಗೆಯ ಕರಾರು ಆದ ಮೇಲೇ ಹಳೆಯದರ ಬೀಗ ಕೊಡೋದು. ಇದೂ ಹಾಗೇ.

ಮುಂದಿನ ವರ್ಷ ಬದಲಾಯಿಸೋದು ಅಂತ ತೀರ್ಮಾನಿಸಿದವರು ಮಾಡಬೇಕಾದ ಕೆಲಸ ಇಷ್ಟು. ಡಿಸೆಂಬರ್‌ನೊಳಗೆ ಹೊಸ ಕಾಲೇಜಿಗೆ ಒಮ್ಮೆ ಹೋಗಿ ಕಾಂಬಿನೇಷನ್, ಎರಡನೇ ವರ್ಷದಲ್ಲಿ ಖಾಲಿ ಸೀಟಿನ ಸಾಧ್ಯತೆ ವಿಚಾರಿಸೋದು. ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆ ಅಂಕಪಟ್ಟಿ ತೆಗೆದಿಡೋದು. ಏಪ್ರಿಲ್ ಹೊತ್ತಿಗೆ ಸಿಲಬಸ್ ಪ್ರತಿ, ವಿಶ್ವವಿದ್ಯಾಲಯದ ಅರ್ಜಿ ನಮೂನೆ, ಶುಲ್ಕದ ವಿವರ ಸಂಗ್ರಹಿಸೋದು. ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ತಕ್ಷಣ ಒಪ್ಪಿಗೆ ಪತ್ರ ಕೇಳೋದು. ಬದಲಾವಣೆಗೆ ವಿಶ್ವವಿದ್ಯಾಲಯ ಕೊನೆಯ ದಿನ ಪ್ರಕಟಿಸುತ್ತದೆ, ಅದು ತಪ್ಪಿದರೆ ಇನ್ನೊಂದು ವರ್ಷ.

ಗಲ್ಲಾ ಪಕ್ಕ ನಿಂತ ಮಗಳ ವಿಷಯಕ್ಕೆ ಬಂದರೆ, ಅಪ್ಪ ಮೊದಲು ಕೇಳಬೇಕಾದ್ದು "ಎಷ್ಟು ದುಡ್ಡು ಹೋಯ್ತು?" ಅಂತ ಅಲ್ಲ, "ಅಲ್ಲಿ ಏನು ಕಷ್ಟ ಹೇಳವ್ವ" ಅಂತ. ಉತ್ತರ ಪಿಜಿಯಾಗಿದ್ದರೆ ಪಿಜಿ ಬದಲಾಗಲಿ. ಕೋರ್ಸಾಗಿದ್ದರೆ ಬೇಗ ಬಿಡಲಿ. ಜೀವಕ್ಕೆ ಭಾರವಾಗಿದ್ದರೆ ಇವತ್ತೇ ಮನೆಗೆ ಬರಲಿ. ಬರೀ ಕಾಲೇಜು ಸೇರದೆ ಇದ್ದರೆ, ಮೇ-ಜೂನ್ ತನಕ ತಡೆದುಕೊಂಡು ಎರಡು ಅಂಕಪಟ್ಟಿ ಹಿಡಿದುಕೊಂಡು ಬರಲಿ.

ಕೊನೆಗೆ "ಮುಂದಿನ ವರ್ಷ ಖಂಡಿತ ಇಲ್ಲಿಗೆ ಕರ್ಕೊಂಡು ಬರ್ತೀನಿ" ಅಂತ ಅಪ್ಪ ಮಾತು ಕೊಟ್ಟರೆ, ಅದನ್ನು ಉಳಿಸಿಕೊಳ್ಳಲೂಬೇಕು. ಆ ಮಾತಿನ ಮೇಲೆ ಭರವಸೆ ಇಟ್ಟೇ ಮಕ್ಕಳು ಮತ್ತೆ ಬೆಂಗಳೂರು ಬಸ್ ಹತ್ತುತ್ತಾರೆ.